ನೀರೊಳಗಿರೋ ಮೀನಿಗೆ ಎಂಥ ಸೆಕೆ?

"ನೀರಾಗೇ ಅವೆ ಅಲ್ರೀ, ಅವಕ್ಕೆಂಥ ಸೆಕೆ?"

ಈ ಮಾತನ್ನು ಮೊಟ್ಟಮೊದಲು ಆಡಿದ ಮಹಾನುಭಾವರು ಯಾರೋ ನನಗೆ ಗೊತ್ತಿಲ್ಲ. ಗೊತ್ತಾದರೆ ಅವರನ್ನು ಮರ್ಯಾದೆಯಿಂದ ಮನೆಗೆ ಕರೆದು, ಕಾಫಿ ಕೊಟ್ಟು, ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ ನಮ್ಮ ತಾರಸಿ ಮೇಲಿನ ಕಪ್ಪು ನೀರಿನ ಟ್ಯಾಂಕಿನೊಳಗೆ ಇಳಿಸಿ ಮುಚ್ಚಳ ಹಾಕಬೇಕು ಅಂತ ಆಸೆ. ಸ್ವಲ್ಪ ಹೊತ್ತಾದ ಮೇಲೆ ಮುಚ್ಚಳ ತೆಗೆದು, ನೀರಾಗೇ ಇದೀರಲ್ರೀ, ತಂಪಾಗೈತಾ ಅಂತ ಕೇಳಬೇಕು. ಅವರು ಏನು ಹೇಳುತ್ತಾರೋ ಅದನ್ನು ನಾನು ಮೀನಿನ ಪರವಾಗಿ ಒಪ್ಪಿಕೊಳ್ಳುತ್ತೇನೆ.

ನಿಮಗೆ ತಮಾಷೆ ಅನಿಸಬಹುದು. ಚಿತ್ರದುರ್ಗದಲ್ಲಿ ಒಂದು ಬೇಸಿಗೆ ಮೀನು ಸಾಕಿ ನೋಡಿ, ಆಮೇಲೆ ನಗುವಿರಂತೆ. ನಮ್ಮ ಮನೆಯ ಮೀನಿನ ಟ್ಯಾಂಕಿನ ಪಕ್ಕ ಟೇಬಲ್ ಫ್ಯಾನು ತಿರುಗುವುದನ್ನು ನೋಡಿದವರೆಲ್ಲ ಈ ಮಾತು ಹೇಳಿಯೇ ಹೋಗಿದ್ದಾರೆ. ಗ್ಯಾಸ್ ಸಿಲಿಂಡರ್ ತಂದವನು ಹೇಳಿದ್ದಾನೆ. ಲಗ್ನಪತ್ರಿಕೆ ಕೊಡಲು ಬಂದವರು, ಕುಂಕುಮ ಇಟ್ಟುಕೊಳ್ಳುವ ಮೊದಲೇ ಹೇಳಿದ್ದಾರೆ. ನಮ್ಮ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಕೂಡ ಹೇಳಿದ್ದಾರೆ, ಆವತ್ತು ನಾನು ಅವರಿಗೆ ಎರಡನೇ ಸಲ ಚಕ್ಕುಲಿ ಹಾಕಲಿಲ್ಲ. ನಾನು ಕನ್ನಡ ಕಲಿಸುವವಳು. 'ನೀರಿನಲ್ಲಿ' ಅನ್ನುವುದು ಸಪ್ತಮೀ ವಿಭಕ್ತಿ. ಎಲ್ಲಿದೆ ಅನ್ನುವುದನ್ನು ಅದು ಹೇಳುತ್ತದೆ, ಅಲ್ಲಿ ಸುಖವಾಗಿದೆಯೇ ಅನ್ನುವುದು ಅದರ ಕೆಲಸವಲ್ಲ. ಎಸರಿನಲ್ಲಿ ಬೇಯುವ ಅಕ್ಕಿಯೂ ನೀರಿನಲ್ಲೇ ಇರುತ್ತದೆ.

ನಮ್ಮ ಮನೆಯವರದು ಹೊಳಲ್ಕೆರೆ ರಸ್ತೆಯಲ್ಲಿ ಬೋರ್‌ವೆಲ್ ಮೋಟರ್ ರಿಪೇರಿ ಮಾಡುವ ಅಂಗಡಿ. ಬೇಸಿಗೆ ಬಂತೆಂದರೆ ಸುಟ್ಟುಹೋದ ಮೋಟರುಗಳು ಟ್ರ್ಯಾಕ್ಟರಿನಲ್ಲಿ, ಲಗೇಜ್ ಆಟೋದಲ್ಲಿ ಬಂದು ಅಂಗಡಿ ಮುಂದೆ ಸಾಲಾಗಿ ಮಲಗುತ್ತವೆ. ಒಂದು ದಿನ ಊಟಕ್ಕೆ ಬಂದವರು, ತಾವು ಕೂರುವ ಕುರ್ಚಿಯ ಕಡೆ ಇರಬೇಕಾದ ಫ್ಯಾನು ಮೀನಿನ ಕಡೆ ತಿರುಗಿದ್ದು ನೋಡಿ ಅದೇ ಮಾತು ಅಂದರು. ನಾನು ಬಿಡಲಿಲ್ಲ. "ನಿಮ್ಮ ಮೋಟ್ರೂ ಬೋರಿನ ನೀರಾಗೇ ಮುಳುಗಿರ್ತಾವಲ್ಲ, ಅವು ಯಾಕ್ರಿ ಹೀಟಾಗಿ ಸುಡ್ತಾವೆ?" ಅಂದೆ. ಕೈಯಲ್ಲಿದ್ದ ತುತ್ತು ಬಾಯಿಗೆ ಹಾಕಿಕೊಂಡು ನುಂಗಿದರು. ಆಮೇಲೆ "ಅದು ಬೇರೆ" ಅಂದರು. ಮದುವೆಯಾದಾಗಿನಿಂದ ನೋಡುತ್ತಿದ್ದೇನೆ, ನಾನು ಗೆದ್ದ ವಾದಗಳೆಲ್ಲ ನಮ್ಮ ಮನೆಯಲ್ಲಿ ಈ ಎರಡು ಪದಗಳಿಂದಲೇ ಮುಗಿಯುತ್ತವೆ.

ಹಾಗಂತ ಈ ಮೀನುಗಳನ್ನು ನಾನು ಕೇಳಿ ತರಿಸಿಕೊಂಡವಳೂ ಅಲ್ಲ. ಅಂಗಡಿಯ ವ್ಯಾಪಾರ ಸ್ವಲ್ಪ ಮಂಕಾಗಿದ್ದ ವರ್ಷ ನಮ್ಮ ಮನೆಯವರು ಯಾರೋ ವಾಸ್ತು ಬಲ್ಲವರನ್ನು ಮನೆಗೆ ಕರೆತಂದರು. ಆತ ದಿಕ್ಸೂಚಿ ಹಿಡಿದು ಮನೆಯೆಲ್ಲ ತಿರುಗಿದರು. ಅಡುಗೆಮನೆ ಸರಿಯಿಲ್ಲ, ಬಚ್ಚಲು ಸರಿಯಿಲ್ಲ, ಮೆಟ್ಟಿಲಂತೂ ಕೇಳಲೇಬೇಡಿ ಅಂದರು. ನಾನು ಮಾಡಿಕೊಟ್ಟ ಕಾಫಿ ಒಂದು ಮಾತ್ರ ಸರಿಯಿತ್ತು ಅಂತ ಕಾಣುತ್ತದೆ, ಎರಡು ಲೋಟ ಕುಡಿದರು. ಇದನ್ನೆಲ್ಲ ಒಡೆದು ಕಟ್ಟುವುದು ಬೇಡ ಅನ್ನುವುದಾದರೆ ಒಂದು ಪರಿಹಾರವಿದೆ, ಈಶಾನ್ಯ ಮೂಲೆಯಲ್ಲಿ ನೀರಿಟ್ಟು ಅದರಲ್ಲಿ ಎಂಟು ಬಂಗಾರದ ಬಣ್ಣದ ಮೀನು, ಒಂದು ಕರಿ ಮೀನು ಬಿಡಿ ಅಂದರು. ಬಂಗಾರದವು ಲಕ್ಷ್ಮಿಯನ್ನು ಕರೆಯುತ್ತವಂತೆ, ಕರಿಯದು ಕೆಟ್ಟ ದೃಷ್ಟಿಯನ್ನು ಎಳೆದುಕೊಳ್ಳುತ್ತದಂತೆ. ಹೊರಡುವಾಗ ಹೊಸ್ತಿಲಲ್ಲಿ ನಿಂತು ಇನ್ನೊಂದು ಮಾತು ಸೇರಿಸಿದರು. ಮೀನು ಸತ್ತರೆ ಗಾಬರಿಯಾಗಬೇಡಿ, ಮನೆ ಯಜಮಾನನಿಗೆ ಬರಬೇಕಾಗಿದ್ದ ಗಂಡಾಂತರವನ್ನು ಅದು ನುಂಗಿಕೊಂಡು ಹೋಯಿತು ಅಂತ ತಿಳಿಯಿರಿ, ಇನ್ನೊಂದು ತಂದು ಬಿಡಿ.

ಅತ್ತೆ ಎರಡೂ ಕೈ ಎತ್ತಿ ಮುಗಿದರು. ನಮ್ಮ ಅತ್ತೆ ಬಾಗೂರಿನ ಕಡೆಯವರು, ಕುರಿ ಸಾಕುವ ಮನೆತನ. ಹರಕೆಯ ಕುರಿಯನ್ನಾದರೂ ತಂದು ಮೇಯಿಸಿ ನಾವೇ ಕಡಿಯಬೇಕು, ಇದು ತಾನಾಗಿ ಸತ್ತು ಹರಕೆ ತೀರಿಸುತ್ತದಲ್ಲ ಅಂತ ಅವರಿಗೆ ಸಮಾಧಾನವಾಗಿರಬೇಕು.

ನನಗೂ ಖುಷಿಯಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಅದು ಲಕ್ಷ್ಮಿಯ ಆಸೆಗಲ್ಲ. ನನ್ನ ತವರು ಹಿರಿಯೂರು. ನಾನು ಚಿಕ್ಕವಳಾಗಿದ್ದಾಗ ಬೇಸಿಗೆಯಲ್ಲಿ ವೇದಾವತಿ ಹೊಳೆ ಅಂದರೆ ಅಗಲವಾದ ಮರಳು, ಅಷ್ಟೇ. ಅಲ್ಲೊಂದು ಇಲ್ಲೊಂದು ಗುಂಡಿಯಲ್ಲಿ ಮೊಣಕಾಲುದ್ದ ನೀರು ಉಳಿದಿರುತ್ತಿತ್ತು. ಬಿಸಿಲೇರಿದ ಹಾಗೆ ಆ ನೀರು ಕಾದು, ಒಳಗಿನ ಪುಟ್ಟ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ನೀರು ಕಾದರೆ ಅದರೊಳಗಿನ ಗಾಳಿ ಹಾರಿಹೋಗುತ್ತದೆ, ಮೀನಿಗೆ ಉಸಿರು ಕಟ್ಟುತ್ತದೆ ಅಂತ ಆಗ ನನಗೆ ಗೊತ್ತಿರಲಿಲ್ಲ. ಬಾಯಾರಿಕೆಯಾಗಿದೆ ಅಂದುಕೊಂಡಿದ್ದೆ. ನೀರಿನಲ್ಲೇ ಇದ್ದು ಬಾಯಾರಿಕೆಯೇ ಅಂತ ನೀವು ಕೇಳಿದರೆ, ಹೌದು, ನಾನು ಅಂಥ ಜಾಣೆಯೇ. ಮರಳಿನಲ್ಲಿ ಕೈಯಿಂದ ತೋಡಿದ ಒರತೆಯ ನೀರು ಮಾತ್ರ ಎಂಥ ಬಿಸಿಲಲ್ಲೂ ಹಲ್ಲು ಜುಂ ಅನ್ನುವಷ್ಟು ತಣ್ಣಗಿರುತ್ತಿತ್ತು. ನಾನು ಲಂಗದ ಮಡಿಲಲ್ಲಿ ಮೀನು ತುಂಬಿಕೊಂಡು ಓಡಿ ಓಡಿ ಒರತೆಗೆ ಬಿಟ್ಟು, ಲೋಕೋದ್ಧಾರ ಮಾಡಿದವಳ ಹಾಗೆ ಮನೆಗೆ ಬರುತ್ತಿದ್ದೆ.

ಆ ಒರತೆ ಕೇರಿಯವರು ಕುಡಿಯುವ ನೀರಿಗೆ ತೋಡಿದ್ದು. ಮಾರನೇ ಬೆಳಿಗ್ಗೆ ಕೊಡ ಹಿಡಿದು ಹೋದ ಹೆಂಗಸರಿಗೆ ಚೊಂಬಿನಲ್ಲಿ ಮೀನು ಬಂದಿವೆ. ಯಾರ ಮನೆ ಹುಡುಗಿ ಅಂತ ಪತ್ತೆ ಹಚ್ಚಿ, ನಮ್ಮ ಬಾಗಿಲಿಗೆ ಬಂದು ಜಗಳ ತೆಗೆದರು. ಅವ್ವ ಅವರ ಎದುರು ನನ್ನ ಬೆನ್ನಿಗೆ ಎರಡು ಬಾರಿಸಿದಳು. ಅವರು ಹೋದ ಮೇಲೆ ಒಲೆ ಮುಂದೆ ಕೂತು, ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಒದ್ದೆ ಲಂಗದಲ್ಲಿ ನಿಂತಿದ್ದ ನನಗೆ ಹೊಡೆತ ಯಾವುದು, ನಗು ಯಾವುದು ಅಂತ ಅರ್ಥವಾಗದೆ ಇನ್ನೂ ಜೋರಾಗಿ ಅತ್ತೆ.

ಹೀಗಾಗಿ ಮೀನು ಬಾಯಿ ಬಿಡುವುದನ್ನು ಕಂಡರೆ ನನಗೆ ಸುಮ್ಮನಿರಲು ಆಗುವುದಿಲ್ಲ. ನಮ್ಮ ಮೀನುಗಳು ಮಾರ್ಚ್ ತಿಂಗಳಿನಲ್ಲೇ ಬಾಯಿ ಬಿಡತೊಡಗಿದವು. ಬಿಡದೆ ಏನು ಮಾಡುತ್ತವೆ? ನಮ್ಮ ಮನೆಯ ಈಶಾನ್ಯ ಮೂಲೆಯಲ್ಲಿ ಪೂರ್ವದ ಕಿಟಕಿಯಿದೆ. ಸೂರ್ಯನಾರಾಯಣ ಗುಡ್ಡದಾಚೆಯಿಂದ ಎದ್ದವನೇ ಮೊದಲು ಈ ಗಾಜಿನ ಪೆಟ್ಟಿಗೆಗೆ ಬಂದು ಹಾಜರಿ ಹಾಕುತ್ತಾನೆ. ಸಂಜೆಯಾದರೆ ತಂಪಾಗುತ್ತದೆ ಅನ್ನುವುದು ಬೇರೆ ಊರಿನ ಮಾತು. ದುರ್ಗದ ಬಂಡೆಗಳು ಹಗಲೆಲ್ಲ ಕುಡಿದ ಬಿಸಿಲನ್ನು ಸಂಜೆ ನಮ್ಮ ಮುಖಕ್ಕೆ ಬಿಡುತ್ತವೆ. ಅದೇ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುತ್ತದೆ. ತಾರಸಿಗೆ ಹೋಗಿ ನಿಂತರೆ ಗುಡ್ಡದ ಸಾಲಿನ ಮೇಲೆ ಕರೆಂಟು ತೆಗೆಯುವ ಗಾಳಿ ಫ್ಯಾನುಗಳು ಆರಾಮಾಗಿ ತಿರುಗುತ್ತಿರುತ್ತವೆ. ನಮ್ಮ ಗಾಳಿ, ನಮ್ಮ ಗುಡ್ಡ, ಅಷ್ಟು ದೊಡ್ಡ ದೊಡ್ಡ ಫ್ಯಾನು. ಕೆಳಗೆ ನನ್ನ ಒಂದು ಟೇಬಲ್ ಫ್ಯಾನು ತಿರುಗಿಸುವಷ್ಟು ಕರೆಂಟು ಯಾರಿಗೆ ಹೋಯಿತು ಅಂತ ಕೇಳಿದರೆ ಹೇಳುವವರಿಲ್ಲ.

ಸಲಹೆ ಹೇಳುವವರಿಗೆ ಮಾತ್ರ ಬರಗಾಲವಿರಲಿಲ್ಲ. ಒಬ್ಬರು ಟ್ಯಾಂಕಿಗೆ ಐಸ್ ಸುರಿಯಿರಿ ಅಂದರು. ಹಾಗೆ ಸುರಿದರೆ ಮೀನಿಗೆ ನಡುಕ ಬಂದು ಸಾಯುತ್ತದೆ. ಇನ್ನೊಬ್ಬರು ಮುಚ್ಚಳ ಭದ್ರ ಮಾಡಿ, ಬಿಸಿಗಾಳಿ ಒಳಗೆ ಹೋಗದಿರಲಿ ಅಂದರು. ಮುಚ್ಚಿದರೆ ಅದು ಟ್ಯಾಂಕಲ್ಲ, ಕುಕ್ಕರು. ಅತ್ತೆ ತಂಪಿಗೆ ಒಳ್ಳೆಯದು ಅಂತ ಒಂದು ಲೋಟ ಮಜ್ಜಿಗೆ ಹಿಡಿದು ಟ್ಯಾಂಕಿನ ತನಕ ಬಂದಿದ್ದರು, ನಾನು ಅಡ್ಡ ನಿಂತು ಆ ಮಜ್ಜಿಗೆಯನ್ನು ನಾನೇ ಕುಡಿದೆ. ಇನ್ನು ಸ್ವಲ್ಪ ಹುಣಸೆಹುಳಿ, ಖಾರದಪುಡಿ ಹಾಕಿದರೆ ಸಾರು ರೆಡಿ ಅಂದವರ ಲೆಕ್ಕವೇ ಬೇರೆ. ಅಂಥವರಿಗೆ ನಮ್ಮ ಮನೆಯಲ್ಲಿ ಕಾಫಿಯೂ ಇಲ್ಲ.

ಎಂಥ ಸೆಕೆ ಅನ್ನದೆ ಇದ್ದವರು ಒಬ್ಬರೇ, ಪಕ್ಕದ ಮನೆಯ ಮುಮ್ತಾಜ್ ಆಪಾ. ಅವರದು ತಲೆತಲಾಂತರದಿಂದ ಹತ್ತಿ ತುಂಬಿ ಹಾಸಿಗೆ ಹೊಲಿಯುವ ಮನೆ. ಒಂದು ಸಲ ಬಂದವರು ಗಾಜಿಗೆ ಕೈಯಿಟ್ಟು ನೋಡಿ, "ನಮ್ಗೆ ಆದ್ರೆ ಒಳಗಿಂದ ಹೊರಗೆ ಹೋಗಿ ಕುಂತ್ಕಬೋದು ಟೀಚರಮ್ಮ, ಇವು ಎಲ್ಲಿಗೆ ಹೋಗ್ತಾವೆ?" ಅಂದರು. ನಮ್ಮ ಫ್ರಿಜ್ಜಿನ ಐಸಿನ ಗೂಡು ಬೆಂಕಿಪೊಟ್ಟಣದಷ್ಟು. ಹಾಗಾಗಿ ಬಾಟಲಿಯಲ್ಲಿ ನೀರು ತುಂಬಿ ಅವರ ಫ್ರಿಜ್ಜಿನಲ್ಲಿ ಗಟ್ಟಿ ಮಾಡಿ, ಆ ಬಾಟಲಿಯನ್ನು ಹಾಗೇ ಟ್ಯಾಂಕಿನಲ್ಲಿ ತೇಲಿಬಿಡುವ ಏರ್ಪಾಡಾಯಿತು. ರಂಜಾನ್ ತಿಂಗಳು. ಬೆಳಗಿನಿಂದ ತಾವು ಒಂದು ಹನಿ ನೀರು ಬಾಯಿಗೆ ಹಾಕದ ಹೊತ್ತಿನಲ್ಲಿ, ಒಣಗಿದ ತುಟಿಯ ಆ ಹೆಂಗಸು ಮೀನಿಗಾಗಿ ಬೆವರುವ ಐಸ್ ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ ತಂದುಕೊಡುತ್ತಿದ್ದರು. ನಾನು ಸಂಕೋಚದಿಂದ ಬೇಡ ಅಂದರೆ, ಉಪವಾಸ ನನಗೆ, ಮೀನಿಗಲ್ಲವಲ್ಲ ಅನ್ನುತ್ತಿದ್ದರು.

ಇಷ್ಟೆಲ್ಲ ಮಾಡಿದರೂ ಒಂದು ಬೆಳಿಗ್ಗೆ ಬಂಗಾರದ ಮೀನೊಂದು ಮಗ್ಗುಲಾಗಿ ತೇಲುತ್ತಿತ್ತು. ನನಗೆ ಅಳು ಬಂತು. ಆದರೆ ಮನೆಯಲ್ಲಿ ನಡೆದದ್ದೇನು? ಅತ್ತೆ ದೇವರಿಗೆ ತುಪ್ಪದ ದೀಪ ಹಚ್ಚಿದರು. ನಮ್ಮ ಮನೆಯವರು ನಿಟ್ಟುಸಿರು ಬಿಟ್ಟು, ಹಿಂದಿನ ದಿನ ಅಂಗಡಿಯಲ್ಲಿ ಭಾರ ಎತ್ತುವ ಚೈನ್ ಬ್ಲಾಕ್ ಜಾರಿ ಮೋಟರ್ ಕಾಲ ಪಕ್ಕದಲ್ಲೇ ಬಿದ್ದಿದ್ದನ್ನು ನೆನಪಿಸಿಕೊಂಡರು. ಆ ಮೋಟರ್ ತಮ್ಮ ಕಾಲ ಮೇಲೆ ಬೀಳಬೇಕಾಗಿತ್ತು, ಮೀನು ತಗೊಂಡಿತು ಅಂತ ಫೋನು ಮಾಡಿ ಧರ್ಮಪುರದ ಅಕ್ಕನಿಗೂ ಹೇಳಿದರು. ಅಲ್ಲ, ನಾನು ಕೇಳುತ್ತೇನೆ, ಮೋಟರ್ ಬಿದ್ದಿದ್ದು ಹೊಳಲ್ಕೆರೆ ರಸ್ತೆಯಲ್ಲಿ, ಮೀನು ಬೆಂದಿದ್ದು ನಮ್ಮ ಮನೆಯ ಹಾಲ್‌ನಲ್ಲಿ. ಈ ಎರಡಕ್ಕೂ ಯಾವ ಬಸ್ಸು ಓಡುತ್ತದೆ?

ಇದರ ಮುಂದಿನದು ಕೇಳಿದರೆ ನಿಮಗೂ ಸಿಟ್ಟು ಬರುತ್ತದೆ. ನಾನು ಸತ್ತ ಮೀನಿಗಾಗಿ ಮುಖ ಊದಿಸಿಕೊಂಡಿದ್ದನ್ನು ನೋಡಿ ಇವರಿಗೆ ಕರುಣೆ ಉಕ್ಕಿತು. ಭಾನುವಾರ ಮಧ್ಯಾಹ್ನ ನಾನು ಕಣ್ಣು ಮುಚ್ಚಿ ಒಂದು ಗಳಿಗೆ ಮಲಗಿದ್ದಾಗ, ಮೀನಿಗೆ ಹೊಸ ನೀರು ಹಾಕಿ ತಂಪು ಮಾಡೋಣ ಅಂತ ಹೊರಟರು. ಟ್ಯಾಂಕಿನ ಅರ್ಧ ನೀರು ತೆಗೆದು, ನಲ್ಲಿ ತಿರುಗಿಸಿ ಬಕೆಟ್ ಹಿಡಿದು ಸುರಿದರು. ಆ ನಲ್ಲಿಗೆ ನೀರು ಬರುವುದು ಎಲ್ಲಿಂದ? ಮೊದಲೇ ಹೇಳಿದೆನಲ್ಲ, ತಾರಸಿಯ ಕಪ್ಪು ಟ್ಯಾಂಕಿನಿಂದ. ಆ ಹೊತ್ತಿನಲ್ಲಿ ಆ ನೀರಿನಲ್ಲಿ ಬಾಣಂತಿಗೆ ಎರೆಯಬಹುದು. ನಾನು ಎದ್ದು ಬರುವಷ್ಟರಲ್ಲಿ ಬಂಗಾರದ ಮೀನುಗಳಲ್ಲಿ ಎರಡು ಮಾತ್ರ ಉಳಿದಿದ್ದವು, ಅವೂ ಮೂಲೆ ಹಿಡಿದಿದ್ದವು. ಕಣ್ಣು ಹೊರಗೆ ಉಬ್ಬಿದ ಕರಿ ಮೀನು, ನಾನು ಕರಿಯ ಅಂತ ಕರೆಯುತ್ತಿದ್ದದ್ದು, ಮೇಲೆ ಬಂದು ಬಾಯಿ ತೆಗೆದು ಮುಚ್ಚಿ ತೆಗೆದು ಮುಚ್ಚಿ ಮಾಡುತ್ತಿತ್ತು.

ಇವರು ಖಾಲಿ ಬಕೆಟ್ ಹಿಡಿದು ನಿಂತಿದ್ದರು. ಪಾಪ, ಒಂದು ಕ್ಷಣ ನಿಜವಾಗಿಯೂ ಪೆಚ್ಚಾದರು. ಆ ಪೆಚ್ಚು ಇನ್ನೊಂದು ಗಳಿಗೆ ಉಳಿದಿದ್ದರೆ ನಾನು ಕ್ಷಮಿಸಿಬಿಡುತ್ತಿದ್ದೆ. ಆದರೆ ಅತ್ತೆ ಒಳಗಿನಿಂದ ಬಂದು ನೋಡಿ, "ಎಂಥ ದೊಡ್ಡ ಗಂಡಾಂತರ ಇತ್ತೋ ನಿಂಗೆ, ಒಂದೇ ಏಟಿಗೆ ಇಷ್ಟು ಮೀನು ತಗಂಡು ಹೋದ್ವು" ಅಂದರು. ಇವರ ಮುಖ ಅರಳಿತು. ಬಕೆಟ್ ಕೆಳಗಿಟ್ಟು ಎದೆ ಮುಟ್ಟಿಕೊಂಡರು. ತಾವೇ ಬಿಸಿನೀರು ಹುಯ್ದು ಕೊಂದು, ಆ ಸಾವಿನಿಂದ ತಾವೇ ಬದುಕಿಕೊಂಡ ಮನುಷ್ಯನನ್ನು ನಾನು ಕಣ್ಣಾರೆ ಕಂಡೆ.

ನಾನು ಕೂಗಾಡಲಿಲ್ಲ. ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತೆ. ಕಲ್ಲು ಸುಡುತ್ತಿತ್ತು, ಎದ್ದೇಳಬೇಕು ಅನಿಸಲಿಲ್ಲ. ಇದು ಮೀನಿನ ಸಿಟ್ಟಲ್ಲ ಅಂತ ನನಗೆ ಗೊತ್ತಿತ್ತು. ಹಿಂದೊಂದು ಬೇಸಿಗೆಯಲ್ಲಿ ಅಪ್ಪ ಎದೆನೋವು ಬಂದು ಆಸ್ಪತ್ರೆ ಸೇರಿ, ಹುಷಾರಾಗಿ ಮನೆಗೆ ಬಂದಿದ್ದ. ಹಿರಿಯೂರಿನ ಮನೆಗೆ ಅಪ್ಪನನ್ನು ನೋಡಲು ಜನವೋ ಜನ. ಆದಿವಾಲದಿಂದ ಬಂದರು, ಹೊಸದುರ್ಗದಿಂದ ಬಂದರು, ಬಂದವರಿಗೆಲ್ಲ ಶೀಟಿನ ಮನೆಯ ಅಡುಗೆಕೋಣೆಯಲ್ಲಿ ನಿಂತು ಅವ್ವ ಉಪ್ಪಿಟ್ಟು, ಕಾಫಿ ಮಾಡಿದಳು. ಅವಳಿಗೆ ಮೈ ಸುಡುವ ಜ್ವರವಿತ್ತು. ಒಲೆ ಮುಂದೆ ನಿಂತವಳ ಮೈ ಬಿಸಿಯಿದ್ದರೆ ಅದನ್ನು ಜ್ವರ ಅಂತ ಯಾರು ಅಂದುಕೊಳ್ಳುತ್ತಾರೆ? ಬಿದ್ದ ಮೇಲೆ ಆಸ್ಪತ್ರೆಗೆ ಒಯ್ದರು, ಹೊತ್ತು ಮೀರಿತ್ತು. ಮಣ್ಣು ಮಾಡಿ ಬಂದು ಅಂಗಳದಲ್ಲಿ ಕುಳಿತಾಗ, ಅಪ್ಪನ ಅಕ್ಕ, ನಮ್ಮ ದೊಡ್ಡತ್ತೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು, ಮುತ್ತೈದೆ ಸಾವು, ಪುಣ್ಯ ಮಾಡಿದ್ದಳು, ಗಂಡನ ಗಂಡಾಂತರ ತಾನು ತಗೊಂಡು ಹೋದಳು ಅಂತ. ಎಲ್ಲರೂ ತಲೆಯಾಡಿಸಿದರು. ಅಪ್ಪನೂ ತಲೆಯಾಡಿಸಿದ. ಅವ್ವ ಏನನ್ನೂ ತಗೊಂಡು ಹೋಗಿರಲಿಲ್ಲ. ಅವಳ ಹಣೆ ಮುಟ್ಟಿ ನೋಡುವವರು ಇರಲಿಲ್ಲ, ಅಷ್ಟೇ. ಆವತ್ತು ಇದನ್ನು ಹೇಳಲು ನನಗೆ ಬಾಯಿ ಬರಲಿಲ್ಲ.

ಕಲ್ಲಿನಿಂದ ಎದ್ದು ಒಳಗೆ ಬಂದವಳೇ, ಟ್ಯಾಂಕನ್ನು ಈಶಾನ್ಯದಿಂದ ತೆಗೆಯಬೇಕು ಅಂದೆ. ನಮ್ಮ ಮನೆಯಲ್ಲಿ ತಂಪಾದ ಜಾಗ ಒಂದೇ ಒಂದು, ನೈಋತ್ಯದ ಹಳೇ ಕೋಣೆ. ಮೊಳದಪ್ಪದ ಮಣ್ಣಿನ ಗೋಡೆ, ಆಪಾ ಮನೆಯ ಬೇವಿನ ಮರದ ನೆರಳು ಇಡೀ ಮಧ್ಯಾಹ್ನ ಅದರ ಮೇಲೆ. ಅಲ್ಲಿ ಇವರ ಬೀರು ಇದೆ, ಮಂಚವಿದೆ. ಭಾನುವಾರ ಇವರು ಮಧ್ಯಾಹ್ನದ ನಿದ್ದೆ ಮಾಡುವುದೂ ಅಲ್ಲೇ. ತಂಪು ಯಾವುದು ಅಂತ ಇವರಿಗೆ ಗೊತ್ತಿಲ್ಲದೆ ಏನಲ್ಲ.

ನೈಋತ್ಯದಲ್ಲಿ ನೀರಿಟ್ಟರೆ ಯಜಮಾನನಿಗೇ ಆಪತ್ತು ಅಂತ ಆ ವಾಸ್ತುವಿನವರು ಒತ್ತಿ ಹೇಳಿ ಹೋಗಿದ್ದರಂತೆ. ಇವರು ಸಾಧ್ಯವೇ ಇಲ್ಲ ಅಂದರು. ಈ ಸಲ ಅದು ಬೇರೆ ಅನ್ನಲಿಲ್ಲ, ಹೆದರಿದ್ದರು ಅಂತ ಕಾಣುತ್ತದೆ. ಅತ್ತೆ ನನ್ನನ್ನು ಒಂದು ಥರ ನೋಡಿ, ಮೀನು ಹೆಚ್ಚೋ ಗಂಡ ಹೆಚ್ಚೋ ಅಂತ ಕೇಳಿದರು. ಈ ಪ್ರಶ್ನೆಗೆ ಯಾವ ಹೆಂಗಸಿಗೆ ತಾನೇ ಉತ್ತರ ಕೊಡಲು ಬರುತ್ತದೆ ಹೇಳಿ. ಆದರೆ ನನ್ನ ಕಣ್ಣಿಗೆ ಕಾಣುತ್ತಿದ್ದದ್ದು ಇಷ್ಟು: ಗಂಡ ಗುಂಡುಕಲ್ಲಿನ ಹಾಗಿದ್ದಾರೆ, ಮೀನು ಸಾಯುತ್ತಿದೆ.

ಮುಂದಿನ ವಾರ ಇವರು ಯಾವುದೋ ತೋಟದ ಮೋಟರ್ ಎತ್ತಿಸಲು ಬಾಗೂರಿಗೆ ಹೋದರು. ನಾನು ಕಾಂಪೌಂಡಿನ ಮೇಲಿಂದ ಆಪಾನನ್ನು ಕರೆದೆ. ಅವರು ವಿಷಯ ಪೂರ್ತಿ ಕೇಳಿ, ನಿಮ್ಮ ಶಾಸ್ತ್ರ ನನಗೆ ಗೊತ್ತಿಲ್ಲ, ಆದರೆ ಬೀರು ಸರಿಸಬೇಕಾದರೆ ನಡು ಗಟ್ಟಿಯಿರಬೇಕು, ನಮ್ಮ ಸೊಸೆಯನ್ನೂ ಕರೆಯುತ್ತೇನೆ ಅಂದರು. ಮೂರು ಜನ ಸೇರಿ ಬೀರು ಸರಿಸಿದೆವು. ಮೀನುಗಳನ್ನು ಅದೇ ನೀರಿನ ಬಕೆಟ್ಟಿಗೆ ಬಿಟ್ಟು, ಟ್ಯಾಂಕ್ ಬರಿದು ಮಾಡಿ, ಸೊಂಟ ಹಿಡಿದುಕೊಳ್ಳುವಂತೆ ಹೊತ್ತು ಕೋಣೆಗೆ ಒಯ್ದೆವು. ಅತ್ತೆ ಹಾಲಿನಲ್ಲಿ ಕುಳಿತು ನೋಡುತ್ತಲೇ ಇದ್ದರು. ತಡೆಯಲಿಲ್ಲ, ಸಹಾಯವನ್ನೂ ಮಾಡಲಿಲ್ಲ. ಕೊನೆಯ ಬಕೆಟ್ ಹೋಗುವಾಗ ಮಾತ್ರ, "ನನ್ನ ಮಗನಿಗೆ ಏನಾರ ಆದ್ರೆ ನಾನು ನಿನ್ನ ಮಾತಾಡ್ಸಲ್ಲ ನೋಡವ್ವ" ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರ ದನಿ ನಡುಗುತ್ತಿತ್ತು, ಅದು ನನಗೆ ಹಿಂಸೆಯಾಯಿತು.

ಇವರು ಬಂದು ನೋಡಿದರು. ಊಟ ಬೇಡ ಅಂದರು. ಬೇಡ ಅಂದವರು ಸ್ವಲ್ಪ ಹೊತ್ತಿಗೆ ಎದ್ದು ಹೋಗಿ ಅನ್ನ ಹಾಕಿಕೊಂಡು ಉಂಡರು, ಅದು ನಮ್ಮ ಮನೆಯ ಉಪವಾಸದ ಪದ್ಧತಿ. ಚಾಪೆ ಎತ್ತಿಕೊಂಡು ಹಾಲಿಗೆ ಬಂದು ಮಲಗಿದರು. ನೈಋತ್ಯದ ತಂಪು ಮೂರು ಮೀನುಗಳ ಪಾಲಾಯಿತು. ಅವು ಗೆಲುವಾದವು. ಕರಿಯ ಬಾಯಿ ಬಿಡುವುದನ್ನು ನಿಲ್ಲಿಸಿ ತಳಕ್ಕಿಳಿದು ಕಲ್ಲುಗಳ ಸಂದಿಯಲ್ಲಿ ಮೂತಿ ಹಾಕಿ ಹುಡುಕತೊಡಗಿತು. ಬಾಟಲಿ, ಫ್ಯಾನು ಯಾವುದೂ ಬೇಕಾಗಲಿಲ್ಲ. ಫ್ಯಾನನ್ನು ಹಾಲಿನಲ್ಲಿ ಮಲಗಿದ್ದ ಇವರ ಕಡೆ ತಿರುಗಿಸಿಟ್ಟೆ. ಅದಕ್ಕೂ ಥ್ಯಾಂಕ್ಸ್ ಇಲ್ಲ.

ಎಲ್ಲ ಸುಖವಾಗಿದೆ ಅನ್ನುವಾಗ ಇವರು ಸ್ಕೂಟರಿನಿಂದ ಬಿದ್ದರು. ದೊಡ್ಡದೇನಲ್ಲ. ಅಂಗಡಿಯಿಂದ ಬರುವಾಗ ರಸ್ತೆ ಮಗ್ಗುಲಿಗೆ ಸುರಿದಿದ್ದ ಜಲ್ಲಿಯ ಮೇಲೆ ಚಕ್ರ ಜಾರಿ, ಬಲಗೈ ಊರಿ, ಮಣಿಕಟ್ಟು ಊದಿಕೊಂಡಿತು. ಮೂಳೆ ಮುರಿದಿಲ್ಲ ಅಂತ ಡಾಕ್ಟರು ಬಿಳಿ ಪಟ್ಟಿ ಸುತ್ತಿ ಕಳಿಸಿದರು. ನನಗೆ ಹೆದರಿಕೆಯಾಯಿತು, ಆಗದೆ ಇರುತ್ತದೆಯೇ? ನೀರಿಟ್ಟಿದ್ದಕ್ಕೇ ಹೀಗಾಯಿತೇ ಅಂತ ನನ್ನೊಳಗಿನ ಯಾವುದೋ ಮೂಲೆ ಕೇಳಿಯೇಬಿಟ್ಟಿತು. ಆ ಮೂಲೆ ಯಾವ ದಿಕ್ಕಿನದೋ ನನಗೆ ಗೊತ್ತಿಲ್ಲ.

ಮಾರನೇ ದಿನ ಮೊದಲ ಬಸ್ಸಿಗೇ ಧರ್ಮಪುರದಿಂದ ಪಾರ್ವತಕ್ಕ ಬಂದರು. ಪಾರ್ವತಕ್ಕ ಅಂದರೆ ಇವರ ಅಕ್ಕ, ಅತ್ತೆಯ ದೊಡ್ಡ ಮಗಳು. ಚೀಲದಲ್ಲಿ ತಮ್ಮನಿಗೆ ಹುರಿದ ಶೇಂಗಾ ತಂದಿದ್ದರು, ಬಾಯಲ್ಲಿ ನನಗೆ ಬೇಕಾದಷ್ಟು ತಂದಿದ್ದರು. ತಮ್ಮನ ಕೈ ನೋಡಿ ಕಣ್ಣೊರೆಸಿಕೊಂಡರು, ಕೋಣೆಗೆ ಹೋಗಿ ಮೀನು ನೋಡಿ ಬಂದರು. ಮೀನು ಗಟ್ಟಿಮುಟ್ಟಾಗಿವೆ, ಅದಕ್ಕೇ ಇವನಿಗೆ ಬಿತ್ತು, ಅವು ತಗೊಳ್ಳಬೇಕಾದ್ದನ್ನು ಇವನು ತಗೊಂಡ, ಇವತ್ತು ಕೈ, ನಾಳೆ ಇನ್ನೇನೋ ಅಂದರು. ಈಗಲೇ ಟ್ಯಾಂಕು ಈಶಾನ್ಯಕ್ಕೆ ಹೋಗಬೇಕು, ಬರುವ ಬಿಸಿಲಿಗೆ ಅವುಗಳ ಹಣೆಬರಹ ಇದ್ದಂಗಾಗಲಿ ಅಂತ ಸೀರೆ ಎತ್ತಿಕಟ್ಟಿ ತಾವೇ ಎದ್ದು ನಿಂತರು. ಕೈಯಲ್ಲಿ ಕಾಫಿ ತಟ್ಟೆ ಹಿಡಿದಿದ್ದ ನಾನು ಕೋಣೆಯ ಬಾಗಿಲಿಗೆ ಅಡ್ಡ ನಿಂತೆ.

ಏನು ಹೇಳಬೇಕು ಅಂತ ಯೋಚಿಸಿರಲಿಲ್ಲ. ಹಿರಿಯೂರಿನ ಅಂಗಳದಲ್ಲಿ ಬಾರದ ಮಾತು ಆವತ್ತು ತಾನಾಗಿ ಬಂತು.

"ಅವರು ಜಲ್ಲಿ ಮೇಲೆ ಸ್ಕೂಟರ್ ಬಿಟ್ರು, ಅವರು ಬಿದ್ರು. ಮೀನಿಗೂ ಅದಕ್ಕೂ ಸಂಬಂಧ ಇಲ್ಲ ಪಾರ್ವತಕ್ಕ. ನನಗೂ ಇಲ್ಲ. ಈ ಮನೆಯಾಗೆ ಇನ್ನು ಮ್ಯಾಲೆ ಅವರವರ ಗಂಡಾಂತರ ಅವರವರೇ ತಗಳ್ಳಾದು. ಒಬ್ರುದು ಇನ್ನೊಬ್ರು ತಗಳ್ಳಾಕೆ ಬರಲ್ಲ."

ಪಾರ್ವತಕ್ಕ ಬಾಯಿ ತೆರೆದರು, ಆದರೆ ಮಾತು ಬಂದದ್ದು ಹಾಲಿನಿಂದ. ಬೆಳಗಿನಿಂದ ಕಂಬಕ್ಕೆ ಒರಗಿ ಕುಳಿತಿದ್ದ ಅತ್ತೆ, "ಟ್ಯಾಂಕು ಅಲ್ಲೇ ಇರ್ಲಿ ಬಿಡೇ" ಅಂದರು.

ಇವರು ಪಟ್ಟಿ ಸುತ್ತಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ತಾಯಿಯ ಮುಖ ನೋಡಿದರು. ಅವ್ವ, ಇವನು ನಿನ್ನ ಮಗ ಅಂತ ಪಾರ್ವತಕ್ಕ ಏನೋ ಹೇಳಹೊರಟರು. ಅತ್ತೆ ಅವರ ಕಡೆ ತಿರುಗಲಿಲ್ಲ, ನನ್ನನ್ನೇ ನೋಡುತ್ತಿದ್ದರು. ನಮ್ಮ ಮಾವ ತೀರಿಕೊಂಡಾಗ ಅತ್ತೆಗೆ ಈಗಿನ ನನಗಿಂತ ಎಷ್ಟೋ ಕಡಿಮೆ ವಯಸ್ಸು, ಪಾರ್ವತಕ್ಕನ ಕೈ ಹಿಡಿದು, ಇವರನ್ನು ಕಂಕುಳಲ್ಲಿ ಎತ್ತಿಕೊಂಡಿದ್ದರಂತೆ. ಆ ದಿನದ ಬಗ್ಗೆ ಅವರು ನನ್ನೆದುರು ಯಾವತ್ತೂ ಮಾತಾಡಿದವರಲ್ಲ.

"ಇವರಪ್ಪ ಹೋದಾಗ ಊರಿಗೂರೇ ಬಂದು ಅಂತು, ಗಂಡನ ಗಂಡಾಂತರ ತಗಳ್ಳಾಕೆ ಆಗ್ಲಿಲ್ಲ ಇವಳ ಕೈಲಿ ಅಂತ. ಇಷ್ಟು ವರ್ಷ ನಾನೂ ಅದನ್ನೇ ನಂಬ್ಕಂಡು ಕುಂತಿದ್ದೆ" ಅಂದರು. ಸೆರಗಿನಿಂದ ಬಾಯಿ ಒರೆಸಿಕೊಂಡು ಮತ್ತೆ ಅಂದರು, "ನೀನು ಈಗ ಅಂದ್ಯಲ್ಲ, ಈ ಮಾತು ಅವತ್ತು ನನಗೆ ಒಬ್ರೂ ಹೇಳಲಿಲ್ಲ ನೋಡವ್ವ."